ಇಬ್ಬರು ಹೂಂ ಅನ್ನಬೇಕು

ಫೆಬ್ರವರಿ ೩, ೨೦೨೫, ಸೋಮವಾರ

ಹೆಮ್ಮೆ ಪಡಬಾರದು ಅನ್ನುತ್ತಾರೆ. ಯಾಕೆ ಪಡಬಾರದು? ಆರು ವರ್ಷ ಹೈದರಾಬಾದಿನ ನಾಚಾರಂನ ಈ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಹೆಮ್ಮೆಯನ್ನು ಬೇರೆ ಯಾರಾದರೂ ಬಂದು ಪಡಬೇಕೇ?

ಇವತ್ತು ಮಾಲೀಕರಾದ ತಿಪ್ಪೇಸ್ವಾಮಿಯವರು ಮೇಲೆ ಬಂದು ಎಲ್ಲರ ಎದುರು ಹೇಳಿದರು. "ಗುಣವತಿಯವರೇ, ಹನ್ನೆರಡನೇ ತಾರೀಖು ಪರೀಕ್ಷೆ ಅಂತ ತೀರ್ಮಾನ ಆಯ್ತು. ಗೆದ್ದರೆ ಮಳೆಗಾಲಕ್ಕೆ ಮುಂಚೆ ನಿಮ್ಮ ಡಬ್ಬಿಗಳು ಪ್ರವಾಹ ರಕ್ಷಣಾ ತಂಡದವರ ಕೈಲಿರ್ತವೆ. ಸೋತರೆ ಈ ವಿಭಾಗ ಮುಚ್ಚೋದೇ. ಎಲ್ರೂ ಕೆಳಗಿನ ಮಹಡಿಗೆ." ಅವರು ಚಿತ್ರದುರ್ಗದ ಕಡೆಯವರು. ಮಾತು ಮೆತ್ತಗೆ, ವಿಷಯ ಗಟ್ಟಿ. ಕೆಳಗಿನ ಮಹಡಿಯಲ್ಲಿ ಟಿವಿ ರಿಮೋಟ್ ಮಾಡುತ್ತಾರೆ. ನಾನು ರಿಮೋಟ್ ಮಾಡುವುದೇ? ಸತ್ತರೂ ಇಲ್ಲ.

ಡಬ್ಬಿ ಅಂದರೆ ನನ್ನ ರೇಡಿಯೋ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ನೆರೆ ಬಂದಾಗ ಮೊದಲು ಮಲಗುವುದು ಮೊಬೈಲ್ ಟವರ್. ಆಗ ಎಲ್ಲರ ಫೋನೂ ಬರೀ ಕನ್ನಡಿ, ಮುಖ ನೋಡಿಕೊಳ್ಳಬಹುದು ಅಷ್ಟೆ. ನನ್ನ ಡಬ್ಬಿಗೆ ಟವರ್ ಬೇಡ, ಮುಖ್ಯ ಕಚೇರಿ ಬೇಡ. ಒಂದು ಡಬ್ಬಿ ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ಸಂದೇಶ ಊರು ದಾಟುತ್ತದೆ. ಯಜಮಾನ ಇಲ್ಲದ ಜಾಲ. ಅದನ್ನು ಯಾರು ಬೇಕಾದರೂ ಮಾಡುತ್ತಾರೆ ಬಿಡಿ. ಕಷ್ಟ ಇರುವುದು ಆ ಸಂದೇಶವನ್ನು ಕಳ್ಳರಿಂದ ಕಾಯುವುದರಲ್ಲಿ. ಹಿಂದೊಮ್ಮೆ ಬೇರೆಯವರ ರೇಡಿಯೋ ಇಟ್ಟುಕೊಂಡು ಅಭ್ಯಾಸ ಮಾಡುವಾಗ ಯಾರೋ ಪೋಕರಿ ನಡುವೆ ಹೊಕ್ಕು "ಸೇತುವೆ ಕುಸಿಯಿತು" ಎಂದು ಹಬ್ಬಿಸಿದ. ರಕ್ಷಣೆಯವರೆಲ್ಲ ತಪ್ಪು ದಂಡೆಗೆ ಓಡಿದರು. ನಿಜವಾದ ನೆರೆಯ ದಿನ ಹಾಗಾದರೆ ಹೆಣ ಬೀಳುತ್ತವೆ.

ನನ್ನ ಡಬ್ಬಿಯಲ್ಲಿ ಪ್ರತಿ ಸಂದೇಶಕ್ಕೂ ಕೀಲಿ. ಹೊರಗಿನವನಿಗೆ ಕೇಳಿಸುವುದು ಬರೀ ಗೊರಗೊರ. ಹೊಸಬರು ಒಳಗೆ ಬರಬೇಕಾದರೆ ಈಗಾಗಲೇ ಒಳಗಿರುವ ಇಬ್ಬರು ತಮ್ಮ ಡಬ್ಬಿಯ ಹಸಿರು ಗುಂಡಿ ಒತ್ತಿ ಹೂಂ ಅನ್ನಬೇಕು. ಒಬ್ಬರು ಮೋಸ ಹೋದರೂ ಇನ್ನೊಬ್ಬರು ಇರುತ್ತಾರೆ. ಈ ಇಬ್ಬರ ಹೂಂ ನನ್ನ ತಲೆಯಿಂದಲೇ ಬಂದದ್ದು.

ಊಟಕ್ಕೆ ಕೂತಾಗ ಇವರಿಗೆ ಇದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಗುರುಬಸವ, ನನ್ನ ಗಂಡ, ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಇಡೀ ದಿನ ಯಂತ್ರದ ಸದ್ದು ಕೇಳಿ ಬರುವವರು. "ಗುಣಾ, ಡಬ್ಬಿಗೆ ಕೀಲಿ ಹಾಕಿದಿ, ಚಲೋ ಆತು. ಬಾಯಿಗೂ ಒಂದು ಹಾಕ್ಕೋ. ಓಣಿಗೆಲ್ಲಾ ಕೇಳಾಕತ್ತೈತಿ" ಎಂದರು. ಕೇಳಲಿ ಬಿಡಿ.

ಫೆಬ್ರವರಿ ೬, ಗುರುವಾರ

ಆ ಹುಡುಗಿ ತೇಜಸ್ವಿನಿ ಇವತ್ತು ನನಗೇ ಪಾಠ ಹೇಳಲು ಬಂದಳು. ಗದಗಿನವಳು, ಮದುವೆಯಾಗಿ ಉಪ್ಪಲ್‌ನಲ್ಲಿದ್ದಾಳೆ, ನಮ್ಮಲ್ಲಿಗೆ ಬಂದು ಎರಡು ವರ್ಷ. "ಮೇಡಂ, ಒಳಗ ಬಂದೋರಿಗೆಲ್ಲಾ ಒಂದ ಕೀಲಿ ಕೊಡೂದು ಬ್ಯಾಡ್ರಿ. ಯಾರಿಗೆ ಸಂದೇಶ ಹೊಂಟೈತೋ ಅವರಿಗೆ ಮಾತ್ರ ತೆರೆಯೋ ಹಂಗ ಮಾಡೋಣು. ನಡುವಿನವರು ಹೊತ್ತು ಮುಂದ ಕೊಡ್ಲಿ, ಓದೂದು ಬ್ಯಾಡ" ಎಂದಳು.

"ಒಳಗೆ ಬಂದವರು ನಮ್ಮವರೇ ಅಲ್ಲೇನವ್ವಾ? ನಮ್ಮವರ ಮ್ಯಾಲೆ ಎಂಥಾ ಸಂಶೇ?" ಎಂದೆ. ಬಾಯಿ ಮುಚ್ಚಿಕೊಂಡು ಹೋದಳು. ಪರೀಕ್ಷೆ ಕುತ್ತಿಗೆಗೆ ಬಂದಾಗ ಹೊಸ ತರಲೆ ಯಾಕೆ?

ಡಬ್ಬಿಯ ಪರದೆಗೆ ಸೃಜನ್ ಮಾಡಿದ ವಿನ್ಯಾಸವನ್ನೂ ಅಳಿಸಿ ನಾನೇ ಮಾಡಿದೆ. ಅವನು ವಾರಂಗಲ್ ಕಡೆಯ ತೆಲುಗು ಹುಡುಗ, ನಮ್ಮ ಜೊತೆ ಸೇರಿ ಕನ್ನಡ ಕಲಿತಿದ್ದಾನೆ. ಬುದ್ಧಿವಂತನೇ, ಆದರೆ ನಿಧಾನ. ಆರು ಜನರ ಈ ಕೋಣೆಯಲ್ಲಿ ನಾನು ನೋಡದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಮಧ್ಯಾಹ್ನ ಅವರೆಲ್ಲ ಒಟ್ಟಿಗೆ ಡಬ್ಬಿ ಬಿಚ್ಚಿ, ಅಂದರೆ ಊಟದ ಡಬ್ಬಿ ಬಿಚ್ಚಿ, ಕಿಲಕಿಲ ಅನ್ನುತ್ತಿದ್ದರು. ನಾನು ನನ್ನ ಮೇಜಿನಲ್ಲೇ ರೊಟ್ಟಿ ತಿಂದೆ. ಒಬ್ಬರಾದರೂ ಕೆಲಸ ಮಾಡಬೇಕಲ್ಲ.

ಫೆಬ್ರವರಿ ೧೨, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಉಪ್ಪಲ್ ಹಿಂದಿನ ಮೂಸಿ ನದಿಯ ದಂಡೆಯ ಖಾಲಿ ಜಾಗದಲ್ಲಿ ಸೇರಿದೆವು. ನಾವು ಆರು ಜನ, ರಕ್ಷಣಾ ತಂಡದ ಕೆಲವರು, ಎಲ್ಲರ ಕೈಯಲ್ಲೂ ಡಬ್ಬಿ. ದೋಣಿಗಳ ಬದಲು ಎರಡು ಟ್ರಾಲಿ ಆಟೋ. ಒಂದರ ಮುಂದೆ "ಔಷಧ ದೋಣಿ" ಎಂದು ಚೀಟಿ ಅಂಟಿಸಿದ್ದರು, ಸೃಜನ್‌ಗೆ ನಗು ತಡೆಯಲಾಗಲಿಲ್ಲ. ಪರೀಕ್ಷಾ ಸಮಿತಿಯ ಹರ್ಷದಾ ಎಂಬ ಅಧಿಕಾರಿ ನಿಯಮ ಓದಿದರು. ಎದುರು ತಂಡದವರು ಎಲ್ಲಿಂದ ಬೇಕಾದರೂ, ಹೇಗೆ ಬೇಕಾದರೂ ಜಾಲದೊಳಗೆ ಹೊಕ್ಕು ಒಂದು ಸುಳ್ಳು ಸಂದೇಶ ಬಿಡಲು ನೋಡುತ್ತಾರೆ. ಔಷಧದ ಆಟೋ ದಾರಿ ತಪ್ಪಿದರೆ ನಾವು ಸೋತಂತೆ.

ಮಧ್ಯಾಹ್ನದವರೆಗೆ ಅವರ ಕೈಯಲ್ಲಿ ಏನೂ ಆಗಲಿಲ್ಲ. ಸಂದೇಶ ಕೆಡಿಸಲು ರೇಡಿಯೋ ಗದ್ದಲ ಎಬ್ಬಿಸಿದರು, ನಮ್ಮ ಡಬ್ಬಿಗಳು ಬೇರೆ ದಾರಿ ಹಿಡಿದವು. ಹಳೆಯ ಸಂದೇಶ ಕದ್ದು ಮತ್ತೆ ಬಿಟ್ಟರು, ಡಬ್ಬಿಗಳು ಹಳಸಿದ್ದು ಎಂದು ಎಸೆದವು. ನಾನಂತೂ ನೆಲದ ಮೇಲೆ ಇರಲಿಲ್ಲ.

ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಕೂತಿದ್ದೆ. ರಕ್ಷಣಾ ತಂಡದ ಕೇಸರಿ ಅಂಗಿ ಹಾಕಿದ ಹಿರಿಯರೊಬ್ಬರು ಬೆವರು ಒರೆಸುತ್ತ ಬಂದರು. ನನ್ನ ಟಿಫಿನ್ ನೋಡಿ ನಿಂತುಬಿಟ್ಟರು. "ಜೋಳದ ರೊಟ್ಟಿ, ಶೇಂಗಾ ಹಿಂಡಿ! ತಂಗಿ, ನೀವು ನಮ್ಮ ಕಡೆಯವರ ಅದೀರಿ, ಹೌದಲ್ಲ?"

ಹೈದರಾಬಾದಿಗೆ ಬಂದು ಮೂವತ್ತು ವರ್ಷ. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಮೆಟ್ರೋದಲ್ಲಿ ಹಿಂದಿ, ತರಕಾರಿಯವನ ಹತ್ತಿರ ಎರಡರ ಕಲಬೆರಕೆ. ಆ ಬಿಸಿಲಲ್ಲಿ, ಆ ಬಯಲಲ್ಲಿ ನನ್ನೂರಿನ ಮಾತು ಕೇಳಿದರೆ ಹೊಟ್ಟೆ ತಣ್ಣಗಾಗದೆ ಇರುತ್ತದೆಯೇ?

"ನಮ್ದು ಸುರಪುರ್ರಿ" ಎಂದೆ.

"ಅಯ್ಯ, ನಮ್ದು ಶಹಾಪುರ! ಸುರಪುರದಾಗ ಯಾರ ಮನಿ ಆತು?"

ಹೆಸರು ಸಿದ್ದರಾಮಪ್ಪ ಎಂದರು. ನಮ್ಮ ಸೋದರಮಾವನ ಓಣಿ ಅವರಿಗೆ ಗೊತ್ತಿತ್ತು. ನಮ್ಮ ಶಾಲೆಯ ಮುಂದಿನ ಬಾವಿಯೂ ಗೊತ್ತಿತ್ತು. ಒಂದು ರೊಟ್ಟಿ ಕೊಟ್ಟೆ. ತಿಂದು, ಇನ್ನೊಂದು ಅರ್ಧ ಇಸಿದುಕೊಂಡು, ಕೈ ತೊಳೆದು, ಜೇಬಿನಿಂದ ಡಬ್ಬಿ ತೆಗೆದರು. "ಇದೊಂದು ಹೊಸಾದು ಕೊಟ್ಟಾರವ್ವಾ. ಒಳಗ ಸೇರಿಸೂದು ಹೆಂಗೋ ಏನೋ. ಅಲ್ಲಿ ನಮ್ಮ ಹುಡುಗರು ಕಾಯಾಕತ್ಯಾರ."

ಹಸಿರು ಗುಂಡಿ ಒತ್ತಿದೆ. ನಾನೇ. ಇಬ್ಬರ ಹೂಂ ಯೋಚಿಸಿದ ಗುಣವತಿಯೇ. ದೂರದಲ್ಲಿ ಸೃಜನ್ ಡಬ್ಬಿಯಲ್ಲಿ ನನ್ನ ಹೆಸರು ಬಿತ್ತು. ಅವನು ತಲೆ ಎತ್ತಿಯೂ ನೋಡದೆ ತಾನೂ ಒತ್ತಿದ.

ಸ್ವಲ್ಪ ಹೊತ್ತಿಗೆ ಎಲ್ಲರ ಡಬ್ಬಿಯಲ್ಲೂ "ಔಷಧ ದೋಣಿ ಪಶ್ಚಿಮಕ್ಕೆ ತಿರುಗಲಿ" ಎಂದು ಬಂತು. ಆಟೋ ಧೂಳೆಬ್ಬಿಸಿಕೊಂಡು ಪಶ್ಚಿಮಕ್ಕೆ ಹೋಯಿತು. ಸಿದ್ದರಾಮಪ್ಪನವರು ಎದುರು ತಂಡದವರು. ಕೇಸರಿ ಅಂಗಿ ಕಳಚಿ ಹರ್ಷದಾ ಅವರ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ಕೈ ಮುಗಿದರು. "ತಪ್ಪು ತಿಳೀಬ್ಯಾಡ ತಂಗಿ. ಊರು ಶಹಾಪುರ ಅನ್ನೂದು ಮಾತ್ರ ಸುಳ್ಳಲ್ಲ."

ನನ್ನ ರೊಟ್ಟಿ ತಿಂದು ನನ್ನ ಮನೆಗೇ ಕನ್ನ!

ಫೆಬ್ರವರಿ ೧೩, ಗುರುವಾರ

ಹೋಗಲಿಲ್ಲ. ಫೋನ್ ಎತ್ತಲಿಲ್ಲ. ಇವರು ಚಹಾ ಮಾಡಿ ತಂದಿಟ್ಟರು. ಸಕ್ಕರೆ ಹಾಕಿರಲಿಲ್ಲ, ನಾನೂ ಕೇಳಲಿಲ್ಲ.

ಫೆಬ್ರವರಿ ೧೬, ಭಾನುವಾರ

ಹರ್ಷದಾ ಅವರೇ ಫೋನ್ ಮಾಡಿದರು. ನಾನು ಹಿಂದಿಯಲ್ಲಿ ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ ಹೇಳಿದರು: ನಿಮ್ಮ ಕೀಲಿಯನ್ನು ಎದುರು ತಂಡದ ಯಾರಿಗೂ ಒಡೆಯಲಾಗಲಿಲ್ಲ, ಬೇರೆ ಯಾವ ಕಂಪನಿಯದ್ದೂ ಇಷ್ಟು ಹೊತ್ತು ನಿಂತಿಲ್ಲ, ಮುಂದಿನ ತಿಂಗಳು ಹನ್ನೆರಡಕ್ಕೆ ಇನ್ನೊಂದು ಅವಕಾಶ, ಅದೇ ಕೊನೆ.

ಇವರಿಗೆ ಹೇಳಿದೆ. "ಮತ್ತ ಯಾಕ ಮುಖಾ ಹಂಗ ಮಾಡಿದಿ? ಕೀಲಿ ಗಟ್ಟಿ ಐತಿ ಅಂದ್ರಲ್ಲ" ಎಂದರು.

"ಕೀಲಿ ಗಟ್ಟಿ ಐತ್ರಿ. ಬಾಗಿಲಾ ತೆಗೆದಾಕಿ ನಾನು."

"ನಿನ್ನ ತಪ್ಪೇನು? ನಮ್ಮ ಮನ್ಯಾಗ ಬಂದೋರಿಗೆ ಇಲ್ಲಾ ಅಂದದ್ದು ಯಾವತ್ತ ಐತಿ? ನಮ್ಮವ್ವ ಕಳ್ಳ ಬಂದ್ರೂ ಮೊದ್ಲ ನೀರು ಕೊಡತಿದ್ಲು." ಸಮಾಧಾನಕ್ಕೆ ಹೇಳಿದರು, ನನಗೆ ಅದೇ ಚುಚ್ಚಿತು. ನಮ್ಮ ಜನಕ್ಕೆ ಇಲ್ಲ ಅನ್ನಲು ಬರುವುದಿಲ್ಲ, ಇದಕ್ಕೆ ಯಾವ ಗಣಿತ ಹಾಕಲಿ?

ಸಂಜೆ ತೇಜಸ್ವಿನಿಗೆ ಫೋನ್ ಮಾಡಿದೆ. ನಾನೇನೂ ಕ್ಷಮೆ ಗಿಮೆ ಕೇಳಲಿಲ್ಲ. "ಅವತ್ತು ಏನೋ ಹೇಳಿದ್ದಿಯಲ್ಲ, ನಡುವಿನವರು ಹೊರಬೇಕು, ಓದಬಾರದು ಅಂತ. ಅದನ್ನ ಇನ್ನೊಮ್ಮೆ ಹೇಳು" ಎಂದೆ ಅಷ್ಟೆ. ಹಿಂದೆ ಮಗು ಅಳುತ್ತಿತ್ತು. ಮಗುವನ್ನು ಗಂಡನ ಕೈಗೆ ಕೊಟ್ಟು ಎಲ್ಲ ಹೇಳಿದಳು. ಅಚ್ಚುಕಟ್ಟಾಗಿಯೇ ಹೇಳುತ್ತಾಳೆ, ಅದನ್ನು ಒಪ್ಪಬೇಕು.

ಫೆಬ್ರವರಿ ೨೦, ಗುರುವಾರ

ತೇಜಸ್ವಿನಿಯ ಕೆಲಸ ಅರ್ಧ ಮುಗಿಯಿತು. ಈಗ ಔಷಧ ದೋಣಿಗೆ ಹೋಗುವ ಮಾತು ಔಷಧ ದೋಣಿಯ ಡಬ್ಬಿಯಲ್ಲಿ ಮಾತ್ರ ತೆರೆಯುತ್ತದೆ. ಉಳಿದವರದು ಬರೀ ಹೊರುವ ಕೆಲಸ. ಯಾರು ಬರೆದರು ಎಂಬ ಗುರುತೂ ಸಂದೇಶದ ಜೊತೆಗೇ ಹೋಗುತ್ತದೆ, ಬೇರೆಯವರ ಹೆಸರಿನಲ್ಲಿ ಸುಳ್ಳು ಹೇಳಲಾಗದು.

ಸೃಜನ್‌ನನ್ನು ಕರೆದು ಕೇಳಿದೆ, ಅವತ್ತು ನೋಡದೆ ಯಾಕೆ ಒತ್ತಿದೆ ಎಂದು. ನೆಲ ನೋಡುತ್ತ ನಿಂತ. "ಮೇಡಂ, ಮೀರು... ನೀವು ಹೂಂ ಅಂದಮೇಲೆ ನಾನು ಇಲ್ಲ ಅಂತೀನಾ?"

ಎಂಥ ಸಿಟ್ಟು ಬಂತೆಂದರೆ! "ಹಂಗಾದ್ರ ಇಬ್ಬರು ಯಾಕೋ? ನಾನೊಬ್ಬಾಕೆ ಸಾಕಲ್ಲ!" ಎಂದು ಕೂಗಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಆಮೇಲೆ ನನ್ನ ಮೇಜಿಗೆ ಬಂದು ಕೂತು, ಮೊದಲು ಒತ್ತಿದವರ ಹೆಸರು ಎರಡನೆಯವರಿಗೆ ಕಾಣದ ಹಾಗೆ ಮಾಡಿದೆ. ಇನ್ನು ಮೇಲೆ ಯಾರು ಹೂಂ ಅಂದರೋ ಗೊತ್ತಾಗುವುದಿಲ್ಲ, ಪ್ರತಿಯೊಬ್ಬರೂ ತಾವೇ ನೋಡಿ, ತಾವೇ ಕೇಳಿ ಒತ್ತಬೇಕು.

ಫೆಬ್ರವರಿ ೨೪, ಸೋಮವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ಪಾಪ ಬರುತ್ತದೆ. ತೇಜಸ್ವಿನಿಯ ಸಲಹೆ: ಎಲ್ಲರೂ ಇಲ್ಲ ಅನ್ನುವುದನ್ನು ಕಲಿಯಬೇಕು. ಊಟದ ನಂತರ ಒಬ್ಬೊಬ್ಬರು ಹೊರಗೆ ಹೋಗಿ, ಬಾಗಿಲು ತಟ್ಟಿ, ಏನಾದರೂ ಕಥೆ ಕಟ್ಟಿ ಒಳಗೆ ಬರಲು ನೋಡಬೇಕು. ಒಳಗಿನವರು ಬಿಡಬಾರದು.

ಮೊದಲು ನಾನು ಹೊರಗೆ ಹೋದೆ. "ನನ್ನ ಮೊಮ್ಮಗಾ ನೀರಾಗ ಸಿಕ್ಕೊಂಡಾನ್ರೋ ಯಪ್ಪಾ!" ಎಂದು ಸೆರಗು ಕಚ್ಚಿ ಅತ್ತೆ. ಸೃಜನ್ ತಕ್ಷಣ ಬಾಗಿಲು ತೆಗೆದುಬಿಟ್ಟ. ಎರಡನೇ ಸಲ ತೆಗೆಯಲಿಲ್ಲ, ಆದರೆ ಒಳಗಿನಿಂದ "ಸಾರಿ ಅಮ್ಮ, ಸಾರಿ ಅಮ್ಮ" ಎಂದು ಹತ್ತು ಸಲ ಅಂದ. ಆಮೇಲೆ ತಿಪ್ಪೇಸ್ವಾಮಿಯವರು ಏನೋ ಕೇಳಲು ನಿಜವಾಗಿಯೇ ಮೇಲೆ ಬಂದು ಬಾಗಿಲು ತಟ್ಟಿದರು. ತೇಜಸ್ವಿನಿ "ಇಲ್ಲ, ಹೋಗ್ರಿ!" ಎಂದು ಗದರಿದಳು. ಪಾಪ, ಮಾಲೀಕರು ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿ, ನಾನೇನು ತಪ್ಪು ಮಾಡಿದೆ ಎಂದು ಕೇಳಿದರು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು.

ನಗು ಬಿಟ್ಟರೆ, ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಇಲ್ಲ ನೆಟ್ಟಗೆ ಬರತೊಡಗಿತ್ತು.

ಫೆಬ್ರವರಿ ೨೭, ಗುರುವಾರ

ಶಿವರಾತ್ರಿಯ ಉಪವಾಸ, ಜಾಗರಣೆ ಮಾಡಿ ಬಂದ ಮೈ, ಮೇಲಿಂದ ಜಗಳ. ಡಬ್ಬಿ ಕೈತಪ್ಪಿದರೆ ಏನು ಮಾಡಬೇಕು ಎಂಬ ಮಾತು. ಕೈತಪ್ಪಿದ ಡಬ್ಬಿಯನ್ನು ಅಕ್ಕಪಕ್ಕದ ಡಬ್ಬಿಗಳು ಕೂಡಲೇ ಹೊರಗೆ ಹಾಕಬೇಕು, ಅದರಲ್ಲಿ ತಕರಾರಿಲ್ಲ. ತೇಜಸ್ವಿನಿ ಇನ್ನೂ ಮುಂದೆ ಹೋದಳು. "ಡಬ್ಬಿ ಅಷ್ಟ ಅಲ್ರಿ, ಡಬ್ಬಿ ಕಳಕೊಂಡವರನ್ನೂ ಆ ದಿನಾ ಒಳಗ ಬಿಡಬಾರದು. ಕಾರಣ ಏನರ ಇರ್ಲಿ. ಅವರ ಹಿಂದ ಯಾರರ ನಿಂತು ಹೇಳಸಾಕತ್ತಿದ್ರ ನಮಗೆಂಗ ಗೊತ್ತಾಗತೈತಿ?"

"ಡಬ್ಬಿ ಹೋದ್ರ ಮನಷ್ಯಾನೂ ಹೋದಂಗೇನ? ನೀರಿಗೆ ಬಿದ್ದು ಎದ್ದು ಬಂದವನಿಗೆ ಹೊರಗ ನಿಂದ್ರು ಅಂತೀಯಾ?" ಎಂದೆ.

"ಬದುಕಿಸೂಣ್ರಿ, ಬಿಸಿ ಚಹಾ ಕೊಡೂಣ್ರಿ. ಜಾಲದಾಗ ಮಾತ್ರ ಬ್ಯಾಡ."

ಸೃಜನ್ ಕೈ ಎತ್ತಿ ನೋಡೋಣ ಎಂದ. ನನ್ನ ಕೋಣೆಯಲ್ಲಿ ಕೈ ಎತ್ತುವುದು! ಎತ್ತಿದರು. ನನ್ನ ಕಡೆ ನಾನೊಬ್ಬಳೇ. ಮಧ್ಯಾಹ್ನದವರೆಗೆ ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ತೇಜಸ್ವಿನಿ ಪುಂಡಿಪಲ್ಯ ತಂದಿದ್ದಳು, ಅದರ ವಾಸನೆಗೆ ಎಷ್ಟು ಹೊತ್ತು ಮುನಿಸಿಕೊಂಡು ಕೂರುವುದು? ಹೋಗಿ ಅವರ ಜೊತೆಗೇ ಕೂತೆ. ನಿಯಮ ಮಾತ್ರ ನನಗೆ ಈಗಲೂ ಒಪ್ಪಿಗೆ ಇಲ್ಲ.

ಮಾರ್ಚ್ ೫, ಬುಧವಾರ

ಮೂರು ದಿನದಿಂದ ಜ್ವರ. ಕಚೇರಿಯಿಂದ ಒಂದು ಫೋನೂ ಬರಲಿಲ್ಲ. ಪರೀಕ್ಷೆಗೆ ಇನ್ನು ಒಂದೇ ವಾರ, ನನ್ನನ್ನು ಕೇಳದೆ ಏನು ಮಾಡುತ್ತಿದ್ದಾರೆ ಇವರು? ನಾಳೆ ಹೋಗಿ ಒಬ್ಬೊಬ್ಬರ ಬೆವರು ಇಳಿಸುತ್ತೇನೆ.

ಮಾರ್ಚ್ ೬, ಗುರುವಾರ

ಬೆವರು ಇಳಿಸಲು ಹೋದೆ. ಎಲ್ಲ ಮುಗಿದಿತ್ತು. ಡಬ್ಬಿಗಳು ಒಂದನ್ನೊಂದು ವಿಚಾರಿಸುವುದು ನಿಧಾನವಾಗಿತ್ತು, ಅದನ್ನು ಸೃಜನ್ ಸರಿಪಡಿಸಿದ್ದ. ಸಾಲು ಸಾಲಾಗಿ ಓದಿದೆ, ತಪ್ಪು ಹುಡುಕಲೇಬೇಕೆಂದು ಓದಿದೆ. ಸಿಗಲಿಲ್ಲ. ನಾನು ಬರೆದಿದ್ದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲವೇನೋ. ಇದನ್ನು ಅವನ ಎದುರು ಹೇಳಲಿಲ್ಲ. ತೇಜುಗೆ ಹೇಳಿದೆ, ಅವಳು ಹೋಗಿ ಅವನಿಗೆ ಹೇಳಿದಳು. ಸಂಜೆ ಸೃಜನ್ ಎಲ್ಲರಿಗೂ ಉಸ್ಮಾನಿಯಾ ಬಿಸ್ಕತ್ತು ತಂದ.

ಮಾರ್ಚ್ ೧೨, ಬುಧವಾರ

ಇವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ, ಅವಸರ ಮಾಡುವುದಿಲ್ಲ.

ಅದೇ ಮೂಸಿ ದಂಡೆ, ಅವೇ ಟ್ರಾಲಿ ಆಟೋಗಳು. ಬೆಳಿಗ್ಗೆ ಸುಸೂತ್ರವಾಗಿ ಹೋಯಿತು. ಎದುರು ತಂಡದವನೊಬ್ಬ ನೀರು ಮಾರುವವನಾಗಿ ಬಂದ, ಒಬ್ಬಳು ಗರ್ಭಿಣಿಯಾಗಿ ಬಂದಳು. ನಮ್ಮವರು ನೀರು ಕೊಂಡರು, ಗರ್ಭಿಣಿಯನ್ನು ಕುರ್ಚಿಯಲ್ಲಿ ಕೂರಿಸಿದರು, ಹಸಿರು ಗುಂಡಿ ಮಾತ್ರ ಮುಟ್ಟಲಿಲ್ಲ.

ಮಧ್ಯಾಹ್ನ ನಾನು ಒಬ್ಬಳೇ ದಂಡೆಯ ಆ ಕಡೆ ಹೋಗಿದ್ದಾಗ ಸಿದ್ದರಾಮಪ್ಪನವರು ಗಿಡಗಳ ಹಿಂದಿನಿಂದ ಬಂದು ನನ್ನ ಡಬ್ಬಿ ಕಿತ್ತುಕೊಂಡರು. ಕಸಿಯುವುದೂ ನಿಯಮದಲ್ಲಿದೆ. ಹರ್ಷದಾ ಪಕ್ಕದಲ್ಲೇ ನಿಂತಿದ್ದರು. ಡಬ್ಬಿ ಅವರ ಕೈ ಸೇರಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೆ, ಪರದೆ ಕಪ್ಪಾಯಿತು. ಅಕ್ಕಪಕ್ಕದ ಡಬ್ಬಿಗಳು ವಿಚಾರಿಸಿ, ಸರಿಯಾದ ಉತ್ತರ ಬರದೆ, ಹೊರಗೆ ಹಾಕಿದ್ದವು. ಸೃಜನ್ ಸರಿಪಡಿಸಿದ ಕೆಲಸವೇ ಅದು. ನಾನು ಚಪ್ಪಾಳೆ ತಟ್ಟಿದೆ.

ಹರ್ಷದಾ ನಗಲಿಲ್ಲ. ಹೊಸ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಹಿಂದಿಯಲ್ಲಿ ಹೇಳಿದರು: "ಈಗ ನೀವು ನಮ್ಮ ಕಡೆ. ಹೋಗಿ ನಿಮ್ಮವರನ್ನು ಒಪ್ಪಿಸಿ ಒಳಗೆ ಸೇರಿ. ಸೇರಿದರೆ ನಿಮ್ಮ ವಿಭಾಗ ಸೋತಂತೆ. ಆದರೆ ಮನಸ್ಸಿಟ್ಟು ಪ್ರಯತ್ನ ಮಾಡಬೇಕು. ನಾಟಕ ಕಂಡರೆ ಪರೀಕ್ಷೆಯನ್ನೇ ರದ್ದು ಮಾಡುತ್ತೇನೆ. ಸಿದ್ದರಾಮಪ್ಪನವರು ಜೊತೆಗೆ ಬಂದು ದೂರದಿಂದ ನೋಡುತ್ತಾರೆ."

ಸಿದ್ದರಾಮಪ್ಪನವರು ಮೀಸೆಯಲ್ಲೇ ನಕ್ಕರು. "ಈ ಸಲಾ ನಾವು ನೀವು ಒಂದ ಕಡೆ ಆದ್ವಿ ತಂಗಿ."

ಆರು ವರ್ಷದ ಕೆಲಸವನ್ನು ನನ್ನ ಕೈಯಿಂದಲೇ ಕೆಡವು ಎಂದರೆ ಹೇಗೆ? ಸುಮ್ಮನೆ ಒಂದೆರಡು ಮಾತಾಡಿ ಸೋತು ಬಂದುಬಿಡಲೇ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ನಾಳೆ ನಿಜವಾದ ನೆರೆಯಲ್ಲಿ ಬರುವವನು ಸುಮ್ಮನೆ ಒಂದೆರಡು ಮಾತಾಡಿ ಹೋಗುತ್ತಾನೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಾಡುವುದಾದರೆ ಪೂರ್ತಿ ಮಾಡಬೇಕು. ನಾನು ಗುಣವತಿ, ಅರೆಬರೆ ಕೆಲಸ ನನಗೆ ಬರುವುದಿಲ್ಲ.

ಮೊದಲು ಸೃಜನ್ ಹತ್ತಿರ ಹೋದೆ. ನಾನು ಬರುವುದನ್ನು ಕಂಡೇ ಡಬ್ಬಿಯನ್ನು ಬೆನ್ನ ಹಿಂದೆ ಮಾಡಿಕೊಂಡ. "ನನ್ನ ಡಬ್ಬಿ ನೀರಿಗೆ ಬಿತ್ತೋ. ಯಾರೂ ಕಸಿದಿಲ್ಲ. ಔಷಧದ ಆಟೋ ತಪ್ಪು ದಾರಿ ಹಿಡದೈತಿ, ನಾನು ಈಗಿಂದೀಗ ಒಳಗ ಬರಬೇಕು. ಒತ್ತು!" ಎಂದೆ.

"ಮೇಡಂ... ರೂಲ್..."

"ಯಾವ ರೂಲ್? ರೂಲ್ ಬರೆದವರು ಯಾರು? ಈ ಆಟ ಸೋತರೆ ನೀನು ರಿಮೋಟ್‌ಗೆ ಬಟನ್ ಅಂಟಿಸಬೇಕಾಗತೈತಿ, ನಿನ್ನ ಮದುವಿ ಪತ್ರದಾಗ ಅದನ್ನ ಅಚ್ಚು ಹಾಕಸತೀಯಾ?" ಬಾಯಿಗೆ ಬಂದದ್ದೆಲ್ಲ ಬೈದೆ. ಹುಡುಗನ ಕಣ್ಣಲ್ಲಿ ನೀರು ಬಂತು. ಒತ್ತಿಬಿಟ್ಟ. ನನ್ನ ಹೊಸ ಡಬ್ಬಿಯಲ್ಲಿ ಒಂದು ಹಸಿರು ದೀಪ ಹತ್ತಿತು. ಇನ್ನೊಂದು ಹತ್ತಿದರೆ ಮುಗಿಯಿತು, ಎಲ್ಲ ಮುಗಿಯಿತು.

ತೇಜು ಬೇವಿನ ಮರದ ಹತ್ತಿರ ನಿಂತಿದ್ದಳು.

"ಬಾ ಇಲ್ಲಿ ತೇಜು, ಬೇಗ ಒತ್ತು. ಈಗಾಗಲೇ ಒಬ್ಬರು ಒತ್ಯಾರ."

"ಯಾರು ಒತ್ಯಾರೋ ನನಗ ಕಾಣೂದಿಲ್ರಿ ಮೇಡಂ. ನಿಮ್ಮ ಡಬ್ಬಿ ಏನಾತು?"

ನೀರಿನ ಕಥೆ ಹೇಳಿದೆ, ಔಷಧದ ಆಟೋ ಕಥೆ ಹೇಳಿದೆ. ಅವಳು ತನ್ನ ಡಬ್ಬಿಯಲ್ಲಿ ಏನೋ ಬರೆದು ಕಳಿಸಿ ಕಾದಳು. "ಆಟೋದವರನ್ನ ನಾನ ಕೇಳಿದೆ. ಅವರು ಸರಿಯಾದ ದಾರ್ಯಾಗ ಅದಾರಂತ್ರಿ."

"ಅವರು ಸುಳ್ಳು ಹೇಳಾಕತ್ಯಾರ! ನಾನು ಕಣ್ಣಾರೆ ನೋಡೀನಿ!"

"ಇರಬಹುದ್ರಿ. ಆದ್ರ ಡಬ್ಬಿ ಕೈತಪ್ಪಿದವರು ಇವತ್ತು ಒಳಗಿಲ್ಲ."

ಆಗ ನನಗೆ ನಿಜವಾಗಿಯೇ ಸಿಟ್ಟು ಬಂತು. ಆಟ ಎಲ್ಲಿ ಮುಗಿಯಿತು, ಸಿಟ್ಟು ಎಲ್ಲಿ ಶುರುವಾಯಿತು ನನಗೇ ಗೊತ್ತಿಲ್ಲ. "ನಾ ಯಾರಂತ ಗೊತ್ತೈತೇನ ನಿನಗ? ಈ ಜಾಲ ಹುಟ್ಟಿಸಿದಾಕಿ ನಾನು. ನೀ ಕಾಲೇಜಿನಾಗ ಇದ್ದಾಗ ಇದರ ಮೊದಲನೇ ತಂತಿ ಬೆಸೆದಾಕಿ ನಾನು. ನನಗ ಬಾಗಿಲಾ ಹಾಕತೀಯಾ?"

ಅವಳು ಡಬ್ಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಒಂದು ಹೆಜ್ಜೆ ಹಿಂದೆ ಹೋಗಲಿಲ್ಲ.

ಸಿಟ್ಟು ಕೆಲಸ ಮಾಡಲಿಲ್ಲ ಎಂದು ಗೊತ್ತಾದ ಮೇಲೆ ಕೊನೆಯದನ್ನೂ ತೆಗೆದೆ. ಹತ್ತಿರ ಹೋಗಿ ಅವಳ ಕೈ ಹಿಡಿದೆ. "ತೇಜು, ನನ್ನ ಮಗಳಿದ್ದಂಗ ಅದಿ. ನಿನ್ನ ಮುಂದ ಕೈ ಚಾಚಾಕತ್ತೀನಿ. ನನ್ನ ನಂಬೂದಿಲ್ಲೇನು?" ಅದರಲ್ಲಿ ಸುಳ್ಳು ಎಷ್ಟು, ಖರೆ ಎಷ್ಟು, ಈಗ ಕೂತು ಲೆಕ್ಕ ಹಾಕಲಾರೆ.

"ನಿಮ್ಮನ್ನ ನಂಬತೀನ್ರಿ ಮೇಡಂ" ಎಂದಳು. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ, ಯಾಕೆಂದರೆ ಒಂದು ಕೈ ನನ್ನ ಹಿಡಿತದಲ್ಲಿತ್ತು, ಇನ್ನೊಂದರಲ್ಲಿ ಡಬ್ಬಿ ಇತ್ತು. "ಭಾಳ ನಂಬತೀನಿ. ಆದ್ರ ಇಲ್ಲ. ಬಿಡೂದಿಲ್ಲ."

ಅಷ್ಟು ನೆಟ್ಟಗಿನ ಇಲ್ಲ ನಾನು ನನ್ನ ಜನ್ಮದಲ್ಲಿ ಕೇಳಿಲ್ಲ.

ಹತ್ತಿದ್ದ ಒಂದು ದೀಪ ಹೊತ್ತು ಮೀರಿ ತಾನೇ ಆರಿತು. ನನ್ನ ಕೈಯ ಡಬ್ಬಿಯಲ್ಲಿ ಬರೀ ಗೊರಗೊರ. ದೂರದಲ್ಲಿ ಔಷಧದ ಆಟೋ ತಾನು ತಲುಪಬೇಕಾಗಿದ್ದ ಗುಡಿಸಲ ಮುಂದೆ ಸರಿಯಾಗಿ ನಿಂತು, ಪೆಟ್ಟಿಗೆ ಇಳಿಸುತ್ತಿತ್ತು. ಯಾರು ಯಾರಿಗೆ ಏನು ಹೇಳಿ ಅದನ್ನು ಅಲ್ಲಿಗೆ ತಲುಪಿಸಿದರೋ, ಒಂದಕ್ಷರ ನನಗೆ ಗೊತ್ತಿಲ್ಲ. ಹರ್ಷದಾ ಸೀಟಿ ಊದಿದರು.

ತೇಜು ಕೂತುಬಿಟ್ಟಳು. ಸೃಜನ್ ಓಡಿ ಬಂದು ತಾನು ಒತ್ತಿಬಿಟ್ಟೆ ಎಂದು ಅಳತೊಡಗಿದ. "ಅದಕ್ಕೇ ಅಲ್ಲೇನೋ ಇಬ್ಬರು ಇರೂದು, ಅಳಬ್ಯಾಡ" ಎಂದು ಅವನ ತಲೆ ಮೇಲೆ ಮೊಟಕಿದೆ. ಸಿದ್ದರಾಮಪ್ಪನವರು ಬಂದು ತೇಜುಗೆ, "ಯವ್ವಾ, ನಾ ಮೂವತ್ತೈದು ವರ್ಷ ಸಿಗ್ನಲ್ ಕೆಲಸಾ ಮಾಡೀನಿ, ಇಂಥಾ ಬಾಗಿಲಾ ನೋಡಿಲ್ಲ" ಎಂದರು. ತಿಪ್ಪೇಸ್ವಾಮಿಯವರಿಗೆ ಫೋನ್ ಮಾಡಿ, ಗೆದ್ದೆವು, ತೇಜಸ್ವಿನಿ ಗೆಲ್ಲಿಸಿದಳು ಎಂದು ಹೇಳಿದ್ದು ನಾನೇ. ಅವರು ಎರಡೆರಡು ಸಲ ಕೇಳಿದರು, ಮಾತಾಡುತ್ತಿರುವುದು ಗುಣವತಿಯವರೇನಾ ಎಂದು. ಎಂಥ ಪ್ರಶ್ನೆಯೋ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಸುರಪುರಕ್ಕೆ, ನಮ್ಮಕ್ಕ ಸೂಗಮ್ಮನಿಗೆ ಫೋನ್ ಹಚ್ಚಿದೆ. "ಅಕ್ಕಾ, ಕೇಳ ಇಲ್ಲಿ! ನಮ್ಮ ತೇಜು ಇವತ್ತು ನನ್ನನ್ನ ಹೊರಗ ನಿಂದ್ರಿಸಿದ್ಲು! ಎಷ್ಟ ಬೈದೆ, ಎಷ್ಟ ಅತ್ತೆ, ಒಳಗ ಬಿಡಲೇ ಇಲ್ಲ!"

ಅಕ್ಕ ಗಾಬರಿಯಾದಳು. "ಅಯ್ಯ ನನ್ನವ್ವಾ, ಯಾರವ್ವಾ ಆಕಿ? ಅಷ್ಟ ಸೊಕ್ಕೇನ ಆಕೀಗೆ? ಏನ್ ಜಗಳಾತು?"

"ಜಗಳ ಅಲ್ಲ ಅಕ್ಕಾ, ಗೆದ್ವಿ! ನಮ್ಮ ಹುಡುಗಿ ನನಗ ಇಲ್ಲಾ ಅಂದ್ಲು, ನನಗ!" ಎಂದು ಕೂಗಿದೆ. ಓಣಿಗೆಲ್ಲ ಕೇಳಿಸಿರಬೇಕು.